ಗೋಡೆಯ ನಕಲು

ಅಮೃತೇಶನ ಮನೆ ನಂಜನಗೂಡಿನಲ್ಲಿ, ಕೆಲಸ ತಿ. ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ. ಯಾವ ಇಲಾಖೆ ಎನ್ನುವುದು ಬೇಡ. ಅಲ್ಲಿ ಅವನು ಬರೆದ ಟಿಪ್ಪಣಿಗಳನ್ನು ಮ್ಯಾನೇಜರು ಪೂರ್ತಿ ಓದುವ ಮೊದಲೇ ತಿದ್ದುತ್ತಿದ್ದರು. ಅವನು ಬರೆದದ್ದನ್ನು ಇಡೀ ಊರು ಚಾಚೂ ತಪ್ಪದೆ ನಂಬಿದ್ದು ಒಮ್ಮೆ ಮಾತ್ರ. ಆಗ ಅವನು ಬರೆಯುತ್ತಿದ್ದುದು ಚಿತ್ರ.

ಮೈಸೂರಿನಲ್ಲಿ ನಡೆದ ಜಲವರ್ಣ ಶಿಬಿರವೊಂದರಿಂದ ಅವನಿಗೆ ಈ ಗೀಳು ಅಂಟಿತ್ತು. "ಯಾವುದಾದರೂ ಒಂದನ್ನು ಹಿಡಿಯಿರಿ, ದಿನಾ ಅದನ್ನೇ ಬರೆಯಿರಿ. ಬೇಸರ ಬಂದ ಮೇಲೆಯೇ ಅದು ಕಾಣಿಸಲು ಶುರುವಾಗುವುದು" ಎಂದಿದ್ದರು ಅಲ್ಲಿನ ಮೇಷ್ಟ್ರು. ಅಮೃತೇಶ ಹಿಡಿದದ್ದು ಒಂದು ಗೋಡೆ. ಕಚೇರಿಯಿಂದ ಮನೆಗೆ ಹೋಗುವ ದಾರಿಯಲ್ಲಿ, ನರಸೀಪುರ ದಾಟಿ ಸ್ವಲ್ಪ ದೂರಕ್ಕೆ, ಎಲ್ಲರೂ ಬರೀ ಕೊಪ್ಪಲು ಎಂದು ಕರೆಯುವ ಸಣ್ಣ ಊರಿದೆ. ಅಲ್ಲಿ ರಸ್ತೆಗೆ ಮುಖ ಮಾಡಿದ ಸಿದ್ದಲಿಂಗಮ್ಮನ ಮನೆಯ ಮಣ್ಣಿನ ಗೋಡೆ ಅದು. ಕೆಳಗೆ ಕೆಮ್ಮಣ್ಣಿನ ಪಟ್ಟಿ, ಮೇಲೆ ನೀಲಿ ಬೆರೆಸಿದ ಸುಣ್ಣ. ಎಷ್ಟೋ ವರ್ಷಗಳ ಸುಣ್ಣ ಪದರು ಪದರಾಗಿ ಎದ್ದು, ಒಂದು ನೀಲಿಯ ಕೆಳಗೆ ಇನ್ನೊಂದು ನೀಲಿ ಇಣುಕುತ್ತಿತ್ತು. ಸೂರಿನಿಂದ ಹೊರಟ ಬಿರುಕೊಂದು ಕವಲೊಡೆದು ಕೆಳಗಿಳಿದಿತ್ತು. ಸಂಜೆ ಬಿಸಿಲು ಅದರ ಮೇಲೆ ಬಿದ್ದಾಗ ಅಮೃತೇಶನಿಗೆ ಮುಂದೆ ಹೋಗಲು ಮನಸ್ಸಾಗುತ್ತಿರಲಿಲ್ಲ. ಎದುರಿನ ಹೊಂಗೆ ಮರದ ಕೆಳಗೆ ಬೈಕ್ ನಿಲ್ಲಿಸಿ, ಪುಸ್ತಕ ತೆರೆದು ಕೂರುತ್ತಿದ್ದ.

ಬಿರುಕು ಬೇಗ ಒಲಿಯಿತು. ನೀಲಿ ಮಾತ್ರ ಒಲಿಯಲಿಲ್ಲ. ಟ್ಯೂಬಿನ ನೀಲಿ ಮದುವೆ ಶಾಮಿಯಾನದಂತೆ ಕಂಡಿತು. ಬಿಳಿ ಬೆರೆಸಿದರೆ ಸ್ಕೂಲ್ ಯೂನಿಫಾರಂ ಆಯಿತು. ಕೊನೆಗೆ, ಗೋಡೆಗೆ ಬಳಿದದ್ದನ್ನೇ ಚಿತ್ರಕ್ಕೂ ಬಳಿಯಬೇಕೆಂದು ಹೊಳೆದು, ಭಾನುವಾರಗಳಂದು ಮನೆಯ ಹಿತ್ತಿಲಲ್ಲಿ ಸುಣ್ಣಕ್ಕೆ ಬಟ್ಟೆಯ ನೀಲಿ ಕಲಸತೊಡಗಿದ. ಕಾಗದ ಸುಕ್ಕುಗಟ್ಟಿತು, ಸುಣ್ಣ ಹಕ್ಕಳೆಯಾಗಿ ಉದುರಿತು.

"ರೀ, ಒಗೆಯೋ ಬಟ್ಟೆಗೆ ಹಾಕೋಣ ಅಂದ್ರೆ ಒಂದು ತೊಟ್ಟು ನೀಲಿ ಇಲ್ಲ. ಹಿಟ್ಟು ಕಲಸೋ ಬೇಸಿನ್ ನೋಡಿದ್ರೆ ಪೂರಾ ನೀಲಿ" ಎಂದಳು ಹೆಂಡತಿ ಶಾಂತಿ. "ಆ ಗೋಡೇನೇ ಮನೆಗೆ ತಂದುಬಿಡಿ, ಇದಕ್ಕಿಂತ ಸಸ್ತಾ ಆಗುತ್ತೆ."

ಇತ್ತ ಕೊಪ್ಪಲಿನಲ್ಲಿ ಬೇರೆಯೇ ಒಂದು ಚಿತ್ರ ಮೂಡುತ್ತಿತ್ತು. ಆಫೀಸಿನ ಸಾಹೇಬರೊಬ್ಬರು ದಿನಾ ಬಂದು ಕೂರುತ್ತಾರೆ. ಒಂದು ಕಣ್ಣು ಮುಚ್ಚಿ, ಕೈ ನೆಟ್ಟಗೆ ಚಾಚಿ, ಪೆನ್ಸಿಲನ್ನು ಗೋಡೆಗೆ ಹಿಡಿದು, ಹೆಬ್ಬೆರಳು ಜಾರಿಸಿ ಅಳತೆ ತೆಗೆಯುತ್ತಾರೆ. ಆಮೇಲೆ ಬರೆದುಕೊಳ್ಳುತ್ತಾರೆ. ಸರ್ವೆಯವರನ್ನು ಕಂಡು ಗೊತ್ತಿದ್ದ ಊರಿಗೆ ಇಷ್ಟು ಸಾಕಾಗಿತ್ತು.

ಎದುರು ಮನೆಯ ಪುಟ್ಟಬಸವಯ್ಯ ಒಂದು ಸಂಜೆ ಎಳನೀರು ಹಿಡಿದು ಬಂದ. "ಏನ್ ಬರೀತಾ ಇದ್ದೀರಿ ಸಾ?"

"ಏನಿಲ್ಲ, ಸುಮ್ನೆ."

ಸರ್ಕಾರಿ ನೌಕರನೊಬ್ಬ ಸುಮ್ಮನೆ ಬಂದು ಕೂತದ್ದನ್ನು ಪುಟ್ಟಬಸವಯ್ಯ ಕಂಡವನಲ್ಲ. ಅವನು ದನಿ ತಗ್ಗಿಸಿದ. "ರಸ್ತೆ ಅಗಲ ಮಾಡ್ತಾರಂತಲ್ಲ ಸಾ. ಬರೀ ಆ ಕಡೀಕೇ ಓಗ್ತದಾ? ನಮ್ ಕಡೀಕೂ ವಸಿ ತಿರುಗಿ ಕೂತ್ಕಳಿ. ನಮ್ಮನೇನೂ ಬರ್ಕಳಿ."

"ಅಯ್ಯೋ, ರಸ್ತೆನೂ ಇಲ್ಲ ಏನೂ ಇಲ್ಲ. ನಾನು ಚಿತ್ರ ಬರೀತಿದೀನಿ ಅಷ್ಟೆ" ಎಂದ ಅಮೃತೇಶ. ನಂಬಲಿ ಎಂದು ಪುಸ್ತಕವನ್ನೇ ಅವನ ಕೈಗಿತ್ತ.

ಮಾಡಬಾರದ ಕೆಲಸ ಎಂದರೆ ಅದೇ. ಪುಟ್ಟಬಸವಯ್ಯ ಹಾಳೆ ಮಗುಚಿದ. ಗೋಡೆ. ಇನ್ನೊಂದು ಮಗುಚಿದ. ಅದೇ ಗೋಡೆ. ಮೊದಲಿನಿಂದ ಕೊನೆಯವರೆಗೂ ಅದೇ ಗೋಡೆ, ಅದೇ ಬಿರುಕು, ಪ್ರತಿ ಹಾಳೆಯ ಮೂಲೆಯಲ್ಲಿ ತಾರೀಖು, ಕೆಳಗೆ ಸಹಿ. ಅವನು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಂದಿರುಗಿಸಿ, ಹೋಗಿ ಊರಿಗೆಲ್ಲ ಹೇಳಿದ. "ಒಂದೇ ಗ್ವಾಡೆಗೆ ಬುಕ್ ತುಂಬ ನಕಲು ತಕ್ಕಂಡವ್ರೆ ಕಣ್ರಲಾ! ತಾರೀಕ್ ಸಮೇತ, ಸೈನ್ ಸಮೇತ!"

ಆಮೇಲೆ ಪುಟ್ಟಬಸವಯ್ಯ ತನ್ನ ಮನೆ ಮುಂದೆ ತರಾತುರಿಯಲ್ಲಿ ಒಂದು ಕೋಣೆ ಎಬ್ಬಿಸಿದ. ರಸ್ತೆಗೆ ಹೋದ ಕಟ್ಟಡಕ್ಕೆ ಪರಿಹಾರ ಬರುವಾಗ ಅದೂ ಲೆಕ್ಕಕ್ಕೆ ಬರಲಿ ಎಂದು. ಅದಕ್ಕೆ ಬಾಗಿಲಿತ್ತು, ಒಳಗೆ ಒಬ್ಬ ಮಲಗುವಷ್ಟು ಜಾಗವಿರಲಿಲ್ಲ. ಸಾಲದೆಂದು ಅಮೃತೇಶನ ಕಚೇರಿಗೇ ಒಂದು ಅರ್ಜಿ ಕೊಟ್ಟ, ಅಗಲೀಕರಣವನ್ನು ತನ್ನ ಬದಿಗೂ ವಿಸ್ತರಿಸಬೇಕೆಂದು. ಅರ್ಜಿ ಬಂದು ಬಿದ್ದದ್ದು ಅಮೃತೇಶನ ಮೇಜಿಗೆ. ಈ ಗೋಜನ್ನು ಇಲ್ಲಿಗೇ ಮುಗಿಸೋಣವೆಂದು ಅವನು "ಅಂತಹ ಯಾವುದೇ ಪ್ರಸ್ತಾವನೆ ಇರುವುದಿಲ್ಲ" ಎಂದು ಸ್ಪಷ್ಟವಾಗಿ ಬರೆದಿಟ್ಟ. ಮ್ಯಾನೇಜರು ಅಭ್ಯಾಸದಂತೆ ಪೆನ್ನು ತೆಗೆದು, ವಾಕ್ಯದ ಮೊದಲಿಗೆ "ಸದ್ಯಕ್ಕೆ" ಎಂದು ಸೇರಿಸಿದರು. ಆ ಹಿಂಬರಹ ಕೊಪ್ಪಲು ತಲುಪಿದ ದಿನ ಊರಿಗೆ ಉಳಿದಿದ್ದ ಒಂದಿಷ್ಟು ಅನುಮಾನವೂ ಹೋಯಿತು.

ಅದೇ ವಾರ ಅಮೃತೇಶನನ್ನು ಮೈಸೂರಿಗೆ ಒಂದು ತಿಂಗಳ ತರಬೇತಿಗೆ ಕಳಿಸಿದರು. ಕೊಪ್ಪಲಿನ ದಾರಿ ತಪ್ಪಿತು. ಆದರೆ ತರಬೇತಿ ಮುಗಿದ ಭಾನುವಾರ ಹಿತ್ತಿಲಲ್ಲಿ ಅವನ ಅದೃಷ್ಟ ತೆರೆಯಿತು. ಕಾಗದದ ಹಂಬಲ ಬಿಟ್ಟು, ಬದನವಾಳಿನ ಖಾದಿ ಬಟ್ಟೆಯೊಂದನ್ನು ಹಲಗೆಗೆ ಬಿಗಿದು, ಹುಣಸೆಬೀಜದ ಅಂಟು ಸವರಿ, ಅದರ ಮೇಲೆ ತಿಳಿಯಾದ ನೀಲಿ ಸುಣ್ಣ ಎಳೆದು, ನೆನಪಿನಿಂದಲೇ ಬಿರುಕನ್ನೂ ಬರೆದ. ಹಸಿಯಿದ್ದಾಗ ಅದು ಕೊಳಕು ನೀರಿನಂತಿತ್ತು. ಬೇಜಾರಾಗಿ ಊಟಕ್ಕೆ ಎದ್ದು ಹೋದ. ತಿರುಗಿ ಬರುವಷ್ಟರಲ್ಲಿ ಒಣಗಿತ್ತು. ಅದೇ ನೀಲಿ! ಅವನು ಕೂಗಿದ ಕೂಗಿಗೆ ಶಾಂತಿ ಸಾರಿನ ಸೌಟು ಹಿಡಿದೇ ಓಡಿಬಂದಳು. ನೋಡಿದಳು. "ಚೆನ್ನಾಗಿದೆ ಕಣ್ರೀ" ಎಂದಳು. ತಿಂಗಳುಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು.

ಮಾರನೆಯ ಸಂಜೆ ಬಟ್ಟೆಯನ್ನು ಸುರುಳಿ ಸುತ್ತಿಕೊಂಡು, ಗೋಡೆಯ ಪಕ್ಕದಲ್ಲೇ ಹಿಡಿದು ತಾಳೆ ನೋಡಬೇಕೆಂದು ಕೊಪ್ಪಲಿಗೆ ಹೋದ. ಹೊಂಗೆ ಮರ ಇತ್ತು. ಗೋಡೆ ಇರಲಿಲ್ಲ. ಅದಿದ್ದ ಜಾಗದಲ್ಲಿ ಸಿಮೆಂಟ್ ಇಟ್ಟಿಗೆಯ ಹೊಸ ಗೋಡೆ ನಿಂತಿತ್ತು, ಬೂದು ಬಣ್ಣ, ನೆಟ್ಟಗೆ. ಸಿದ್ದಲಿಂಗಮ್ಮನ ಮಗ ಮಾದಪ್ಪ ಬಿಂದಿಗೆಯಿಂದ ಅದಕ್ಕೆ ನೀರು ಎರಚುತ್ತಿದ್ದ.

"ಬನ್ನಿ ಸಾ, ಬನ್ನಿ" ಎಂದ ಮಾದಪ್ಪ. "ಎಂಗದೆ? ಮಣ್ಣಿನ ಗ್ವಾಡೆಗೆ ಪರಿಹಾರ ಕಮ್ಮಿ ಅಂದ್ರು. ಅದ್ಕೇ ಕೆಡವಿ ಕಟ್ಟುಸ್ಬುಟ್ಟೆ. ಈಗ ವಸಾದಾಗಿ ನಕಲು ತಕ್ಕಳಿ."

ಅಮೃತೇಶನಿಗೆ ಬೈಕಿನಿಂದ ಇಳಿಯುವುದೂ ಮರೆತುಹೋಯಿತು. ದಿನಾ ನೋಡಿ ನೋಡಿ ತಾನೇ ಅದನ್ನು ಕೆಡವಿಸಿದ್ದ! ಕೊನೆಗೆ ಇಳಿದು ಸುರುಳಿ ಬಿಚ್ಚಿ, ಬಾಗಿಲಿಗೆ ಬಂದ ಸಿದ್ದಲಿಂಗಮ್ಮನಿಗೆ ತೋರಿಸಿದ. ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು.

"ಇದು ನಮ್ಮ ಅಳೇ ಗ್ವಾಡೆ ಅಲ್ವಾ?"

"ಹೌದು ಕಣಮ್ಮ. ಎಷ್ಟು ಚೆನ್ನಾಗಿತ್ತು ಅದು."

"ಯಾರ್ಗೆ ಚೆಂದಾಗಿತ್ತು ನನ್ನಪ್ಪ?" ಅವಳ ದನಿಯಲ್ಲಿ ಕೋಪವಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು. ಬೆರಳನ್ನು ಚಿತ್ರದ ಬಿರುಕಿನ ಮೇಲಿಟ್ಟಳು. "ಈ ಸೀಳಿತ್ತಲ್ಲ, ಇದ್ರಾಗೇ ಚೇಳು ಬರೋವು. ಮಳೆ ಉಯ್ತು ಅಂದ್ರೆ ಇದ್ರಿಂದ್ಲೇ ನೀರು. ಗೋಣಿಚೀಲ ತುರುಕಿ ತುರುಕಿ ಸಾಕಾಗೋಗಿತ್ತು. ಕಟ್ಟುಸ್ಲಾ ಕಟ್ಟುಸ್ಲಾ ಅಂತ ಎಷ್ಟ್ ಬಡ್ಕಂಡ್ರೂ ಇವ್ನು ಕ್ಯಾರೇ ಅಂದಿರ್ನಿಲ್ಲ. ನೀವು ಬಂದು ಕೂತ್ಮೇಲೆ ಕಟ್ಟುಸ್ದ. ನಿಮ್ ಒಟ್ಟೆ ತಣ್ಣಗಿರ್ಲಿ."

ಅಮೃತೇಶ ಚಿತ್ರದತ್ತ ನೋಡಿದ. ಆ ಬಿರುಕಿನ ಒಂದೊಂದು ಕವಲೂ ಅವನಿಗೆ ಬಾಯಿಪಾಠ. ಅದರ ಆಚೆ ಬದಿಯಲ್ಲಿ ಗೋಣಿಚೀಲ ಹಿಡಿದು ಒಬ್ಬಳು ಕೂತಿರುತ್ತಾಳೆ ಎಂಬುದು ಒಂದು ದಿನವೂ ತಲೆಗೆ ಬಂದಿರಲಿಲ್ಲ. ಒಮ್ಮೆಯೂ ಅವನು ಆ ಮನೆಯ ಒಳಗೆ ಕಾಲಿಟ್ಟಿರಲಿಲ್ಲ.

ಮಾದಪ್ಪ ಅವನನ್ನು ಪಕ್ಕಕ್ಕೆ ಕರೆದ. "ಸಾ, ಆ ಅಳೇ ನಕಲೆಲ್ಲ ಅರಿದಾಕ್ಬುಡಿ. ಮ್ಯಾಲ್ನೋರು ಕಂಡ್ರೆ ಮಣ್ಣಿನ ಗ್ವಾಡೆ ಅಂತ್ಲೇ ಲೆಕ್ಕ ಇಡ್ಕತಾರೆ."

"ಮಾದಪ್ಪ, ರಸ್ತೆ ಬರೋದಿಲ್ಲ. ದೇವರಾಣೆ ಬರೋದಿಲ್ಲ."

"ಗೊತ್ತು ಸಾ" ಎಂದು ಮಾದಪ್ಪ ನಕ್ಕ. "ಸದ್ಯಕ್ಕೆ."

ಅಂದು ಅಮೃತೇಶ ಏನನ್ನೂ ಬರೆಯದೆ ಹೋದ. ಆಮೇಲೆ ಕೆಲವು ದಿನ ಕೊಪ್ಪಲಿನಲ್ಲಿ ಬೈಕ್ ನಿಲ್ಲಿಸಲೂ ಇಲ್ಲ. ಆದರೆ ಒಂದು ಸಂಜೆ ಸರಿಯಾಗಿ ಆ ಊರು ಬರುವ ಹೊತ್ತಿಗೆ ಮಳೆ ಜಡಿಯಿತು. ಮಾದಪ್ಪ ಜಗಲಿಯಿಂದಲೇ ಕೈ ಬೀಸಿ ಕರೆದು, ಒಳಗೆ ಕರೆದುಕೊಂಡು ಹೋದ. ಹೊರಗೆ ಕಿವಿ ಕಿವುಡಾಗುವಂತೆ ಹೊಡೆಯುತ್ತಿತ್ತು. ಒಳಗೆ ಹೊಸ ಗೋಡೆಯ ಬುಡದಲ್ಲಿ ಸಿದ್ದಲಿಂಗಮ್ಮ ಕಂಬಳಿ ಹೊದ್ದು, ಬಾಯಿ ಸ್ವಲ್ಪ ತೆರೆದು, ಗೊರಕೆ ಹೊಡೆಯುತ್ತ ಮಲಗಿದ್ದಳು. ಒಂದು ಕೈ ಕಂಬಳಿಯಿಂದ ಆಚೆ ಬಂದು ಗೋಡೆಗೆ ಒರಗಿತ್ತು.

"ಮಳೇಲಿ ಅವ್ವ ಮಲ್ಗಿದ್ದುನ್ನ ನಾನು ನೋಡೇ ಇರ್ನಿಲ್ಲ ಸಾ" ಎಂದ ಮಾದಪ್ಪ ಪಿಸುದನಿಯಲ್ಲಿ. "ಗುಡುಗಿದ್ರೂ ಎದ್ದಿಲ್ಲ."

ಅಮೃತೇಶ ಒದ್ದೆ ಚೀಲದಿಂದ ಮೆಲ್ಲಗೆ ಪುಸ್ತಕ ತೆಗೆದ. ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಪೆನ್ಸಿಲನ್ನು ಮುದುಕಿಯ ಕೈಯ ನೇರಕ್ಕೆ ಹಿಡಿದ. ಮಾದಪ್ಪನ ಮುಖದಲ್ಲಿ ಗಾಬರಿ ಕಾಣಿಸಿತು.

"ಒಳಗಡೀದೂ ಅಳತೆ ತಕ್ಕಬೇಕಾ ಸಾ?"

ಅಮೃತೇಶ ಇಲ್ಲವೆನ್ನಲು ಬಾಯಿ ತೆರೆದವನು, ಗೋಡೆಗೊರಗಿದ ಆ ಕೈಯನ್ನು ಇನ್ನೊಮ್ಮೆ ನೋಡಿದ.

"ತಗೋಬೇಕು" ಎಂದ. "ಸ್ವಲ್ಪ ಬೆಳಕು ಬಿಟ್ಟು ನಿಂತ್ಕೊ ಮಾದಪ್ಪ."