ಕೆನ್ನೆಯ ಹುಣ್ಣಿಗೆ ಬರೆ

ನವೆಂಬರ್ ಹನ್ನೊಂದರಂದು ಗುಡ್ಡದ ಮೇಲಿನ ಒಂದು ಹಳ್ಳಿಯಲ್ಲಿ ಮಾಯದ ಹುಣ್ಣು ಇದ್ದವರು ಒಂಬತ್ತು ಮಂದಿ. ಒಂಬತ್ತನೆಯವಳು ಲಾಳ ಕಟ್ಟುವವನ ಆರು ವರ್ಷದ ಮಗಳು. ಹುಣ್ಣು ಅವಳ ಎಡಗೆನ್ನೆಯ ಮೇಲಿತ್ತು. ಅಂಚು ಉಬ್ಬಿ, ನಡು ಕುಳಿಬಿದ್ದಿತ್ತು.

ಹೇಸರಗತ್ತೆಗಳ ಗಾಯಕ್ಕೆ ಬರೆ ಎಳೆಯುವುದು ಅವನ ಮನೆತನದ ರೂಢಿ. ಅಂದೂ ಕುಲುಮೆಯಲ್ಲಿ ತೆಳುವಾದ ಸಲಾಕೆ ಕಾದಿತ್ತು. ಮಗು ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿತ್ತು. ಅವನು ಸಲಾಕೆಯನ್ನು ಎತ್ತುವಷ್ಟರಲ್ಲಿ ಅವನ ಹೆಂಡತಿಯ ತಂಗಿ, ಆರೋಗ್ಯ ಕಾರ್ಯಕರ್ತೆ, ಒಳಗೆ ಬಂದಳು.

“ಕೆಳಗಿಡಿ ಭಾವ! ಅದು ಕೆನ್ನೆ, ಗೊರಸಲ್ಲ.”

“ಒಂದೇ ಒಂದು ಚುರುಕು ಕಣಮ್ಮ. ಮೂರು ತಿಂಗಳಿಂದ ಸೊಪ್ಪು ಅರೆದು ಹಚ್ಚಿದ್ದಾಯ್ತು. ನಿನ್ನ ಆಸ್ಪತ್ರೆಯವರು ಇನ್ನೇನು ಕಡಿದು ಕಟ್ಟೆ ಹಾಕ್ತಾರೆ?”

“ಸುಟ್ಟರೆ ಗಾಯ ದೊಡ್ಡದಾಗುತ್ತೆ, ರೋಗ ಒಳಗೇ ಉಳಿಯುತ್ತೆ. ಇದು ಮರಳುನೊಣ ಕಚ್ಚಿ ಬಂದದ್ದು.”

“ನೊಣ ಎಲ್ಲಾದರೂ ಹೀಗೆ ಕಚ್ಚುತ್ತಾ?”

“ಇದು ಸೊಳ್ಳೆಗಿಂತ ಚಿಕ್ಕದು, ಗುಂಯ್ ಅನ್ನೋದೂ ಇಲ್ಲ. ಹಗಲು ಗೋಡೆ ಬಿರುಕಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಬರುತ್ತೆ. ಕಚ್ಚಿದಾಗ ಕಣ್ಣಿಗೆ ಕಾಣದ ಪರೋಪಜೀವಿ ಚರ್ಮದೊಳಗೆ ಇಳಿಯುತ್ತೆ. ಬೇಸಿಗೇಲಿ ಮಗೂನ ಎಲ್ಲಿ ಮಲಗಿಸ್ತಿದ್ರಿ?”

“ಲಾಯದ ಗೋಡೆ ಪಕ್ಕ, ನೆಲದ ಮೇಲೆ. ತಂಪಾಗಿರುತ್ತೆ ಅಂತ,” ಎಂದಳು ಅಜ್ಜಿ.

“ಸರಿಹೋಯ್ತು! ಹುತ್ತದ ಬಾಯಿಗೇ ಹಾಸಿಗೆ ಹಾಸಿದ್ರಿ.”

ಲಾಳ ಕಟ್ಟುವವನು ಜಗ್ಗಲಿಲ್ಲ. “ನೋವಿಲ್ಲ, ಜ್ವರ ಇಲ್ಲ. ಇದೆಂಥ ರೋಗ?”

“ನೋಯದಿರೋದೇ ಇದರ ಮೋಸ. ನೀವು ಬರೆ ಎಳೆದ ಗುರುತು ಸಾಯೋವರೆಗೂ ಮುಖದ ಮೇಲಿರುತ್ತೆ ಭಾವ. ದೊಡ್ಡವಳಾಗಿ ಅವಳು ಕನ್ನಡಿ ನೋಡ್ಕೊಂಡು ಯಾರನ್ನ ಕೇಳಬೇಕು?”

ಅಜ್ಜಿ ಎದ್ದು, ಮಗನ ಕೈಯಿಂದ ಸಲಾಕೆಯನ್ನು ಕಿತ್ತು ನೀರಿನ ಬಾನಿಯಲ್ಲಿ ಅದ್ದಿಬಿಟ್ಟಳು. “ಬರೆ ಹೇಸರಗತ್ತೆಗಿರಲಿ. ಅದಕ್ಕೆ ಕನ್ನಡಿ ಬೇಡ.”

ಮರುದಿನ ಆಸ್ಪತ್ರೆಗೆ ಹೊರಟ ಬಸ್ಸಿನಲ್ಲಿ ಮಗುವಿನೊಂದಿಗೆ ಉಳಿದ ಎಂಟು ಮಂದಿಯನ್ನೂ ಆರೋಗ್ಯ ಕಾರ್ಯಕರ್ತೆ ಹತ್ತಿಸಿದಳು. ವೈದ್ಯರು ಹುಣ್ಣಿನ ಅಂಚನ್ನು ತುಸುವೇ ಕೆರೆದು, ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವನ್ನು ಖಚಿತಪಡಿಸಿಕೊಂಡರು. ವಾರವಾರವೂ ಚುಚ್ಚುಮದ್ದು ಕೊಟ್ಟರು. ಮಗು ಅತ್ತಿತು, ಚಿಕ್ಕಮ್ಮನ ಸಂಗಡ ಮಾತು ಬಿಟ್ಟಿತು. ಆದರೆ ಹುಣ್ಣು ಒಣಗಿತು. ಉಳಿದದ್ದು ಕಾಳುಮೆಣಸಿನಷ್ಟು ಕಲೆ. ತಂದೆ ಅದನ್ನು ಹೆಬ್ಬೆರಳಿನಿಂದ ಸವರಿ, “ಇಷ್ಟೇನಾ!” ಎಂದು ದೀರ್ಘವಾಗಿ ಉಸಿರುಬಿಟ್ಟನು.

ಬಳಿಕ ಅವನು, ಮರಳುನೊಣ ಮೊಟ್ಟೆಯಿಡುವ ಲದ್ದಿಯ ರಾಶಿಯನ್ನು ಮನೆಯಿಂದ ದೂರ ಸಾಗಿಸಿದನು. ಮಗುವಿಗೆ ಮಂಚವೂ ಔಷಧಿ ಸವರಿದ ಸೊಳ್ಳೆಪರದೆಯೂ ಬಂದವು. ಪಕ್ಕದ ಮನೆಯ ದರ್ಜಿಯಿಂದ ಎರಡು ಬುಟ್ಟಿ ಸುಣ್ಣ ಕಡ ತಂದು, ಲಾಯದ ಬಿರುಕುಗಳನ್ನೆಲ್ಲ ಮುಚ್ಚಿದನು. ಹಿಂದಿರುಗಿಸಲು ಹೋದಾಗ ದರ್ಜಿ ತಲೆಯಾಡಿಸಿದನು.

“ಸುಣ್ಣ ಬೇಡಪ್ಪ. ನನ್ನ ಗೋಡೇಲೂ ಬಿರುಕಿದೆ. ನೊಣ ಏನು ಮನೆ ಕೇಳ್ಕೊಂಡು ಬರುತ್ತಾ? ಸೂಜಿ ಹಿಡಿಯೋ ಕೈಗೆ ಕರಣೆ ಒಗ್ಗಲ್ಲ. ನೀನೇ ಮೆತ್ತಿಕೊಡು.”

ಸಂಜೆಯೊಳಗೆ ದರ್ಜಿಯ ಗೋಡೆಯ ಬಿರುಕು ಮುಚ್ಚಿತು, ಕಡ ತೀರಿತು.

ನಿಮ್ಮ ಮನೆಯಲ್ಲಿ ಯಾರಿಗಾದರೂ ವಾರಗಳು ಕಳೆದರೂ ಮಾಯದ ಹುಣ್ಣಿದ್ದರೆ, ನೋವಿಲ್ಲವೆಂದು ಸುಮ್ಮನಿರಬೇಡಿರಿ. ಸುಡಬೇಡಿರಿ, ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ. ನಿಮ್ಮ ಗೋಡೆಯ ಬಿರುಕನ್ನು ಮುಚ್ಚಿದ ಮೇಲೆ ಪಕ್ಕದ ಗೋಡೆಯನ್ನೂ ನೋಡಿರಿ. ಅದು ನಾವೆಲ್ಲರೂ ನೆರೆಯವರಿಗೆ ತೀರಿಸಬೇಕಾದ ಕಡ.