ಲತಾಮಣಿಯ ಹೊಟ್ಟೆಯ ಹುಳ

"ಬಾಯಿ ತೆಗಿ," ಎಂದು ಸಿದ್ದರಾಜು ಮೂರನೇ ಸಲ ಹೇಳಿದರು. ಅಂಗೈಯ ಬೆವರಿಗೆ ಜಂತುಹುಳದ ಮಾತ್ರೆ ಅಂಟಿಕೊಳ್ಳತೊಡಗಿತ್ತು.

"ತಿನ್ನಲ್ಲ ರೀ. ಹೊಟ್ಟೇಲಿ ಏನಾದ್ರೂ ಇದ್ರೆ ಇರ್ಲಿ ಬಿಡಿ, ಪಾಪ," ಎಂದರು ಹೆಂಡತಿ ಲತಾಮಣಿ.

ಆರೋಗ್ಯ ಇಲಾಖೆಯಲ್ಲಿ ಮೂವತ್ತು ವರ್ಷ ಶಾಲೆಯಿಂದ ಶಾಲೆಗೆ ಅಲೆದು, ಮಕ್ಕಳಿಗೆ ಇದೇ ಮಾತ್ರೆ ಅಗಿಸಿ, ನಾಲಿಗೆ ಎತ್ತಿಸಿ ನೋಡಿ, ರಿಜಿಸ್ಟರಿನಲ್ಲಿ ಗುರುತು ಹಾಕಿದವರು ಸಿದ್ದರಾಜು. ಕತ್ರಿಗುಪ್ಪೆಯ ಮನೆಯಲ್ಲೂ ಆರು ತಿಂಗಳಿಗೊಮ್ಮೆ ಅದೇ ಕ್ರಮ. ಆದರೆ ಹೋದ ವಾರ, ಲತಾಮಣಿಯ ಅಂಗಾಲಿನ ಕಪ್ಪು ಮಚ್ಚೆ ಚರ್ಮದ ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಗೊತ್ತಾಗಿತ್ತು. ಇನ್ನೂ ಆರಂಭ, ಗುರುವಾರವೇ ಕತ್ತರಿಸಿ ತೆಗೆದರೆ ಭಯವಿಲ್ಲ ಎಂದಿದ್ದರು ಜೆ.ಪಿ. ನಗರದ ಡಾಕ್ಟರು. ಧೈರ್ಯ ಹೇಳಲು ಬಂದ, ಲತಾಮಣಿಯ ತಂಗಿಯ ಮಗಳು ಸಂಘಮಿತ್ರಾ ಸಂಶೋಧನಾಲಯದಲ್ಲಿ ಕೆಲಸ ಮಾಡುವವಳು. ಪರಾವಲಂಬಿ ಹುಳುಗಳಿಂದ ತೆಗೆದ ಅಣುಗಳಲ್ಲಿ ಈ ಕ್ಯಾನ್ಸರಿಗೆ ಮದ್ದು ಹುಡುಕುತ್ತಿದ್ದಾರೆ ಎಂದು ಮಾತಿನ ನಡುವೆ ಅಂದುಬಿಟ್ಟಿದ್ದಳು. ಆಪರೇಷನ್ನಿಗೆ ಹೆದರಿದ್ದ ಲತಾಮಣಿ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು.

ಸಿದ್ದರಾಜು ಸಂಘಮಿತ್ರಾಗೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

"ದೊಡ್ಡಮ್ಮ, ಹುಳ ಇದ್ರೆ ವಾಸಿ ಆಗಲ್ಲ. ಅದ್ರಿಂದ ತೆಗೆಯೋದು ಒಂದು ಅಂಶ. ಈಗ ಇಲಿಗಳ ಮೇಲೆ ನೋಡ್ತಿದಾರೆ ಅಷ್ಟೆ. ಔಷಧಿ ಆಗಿ ಅಂಗಡಿಗೆ ಬರೋಕೆ ಎಷ್ಟೋ ವರ್ಷ ಬೇಕು."

"ಅಂಗಡೀಲಿ ಸಿಗಲ್ಲ ಅಂತಾನೇ ಮನೇದು ಕಾಪಾಡ್ಕೊಳ್ತಿದೀನಿ ಕಣೆ."

"ನಿನ್ನ ಹೊಟ್ಟೇಲಿ ಒಂದೂ ಇಲ್ಲ," ಎಂದರು ಸಿದ್ದರಾಜು. "ಇಷ್ಟು ವರ್ಷ ಕೈಯಾರೆ ಮಾತ್ರೆ ಕೊಟ್ಟಿರೋನು ನಾನು."

"ಹಂಗಾದ್ರೆ ಟೆಸ್ಟ್ ಮಾಡ್ಸಿ. ಇಲ್ಲ ಅಂತ ಬಂದ್ರೆ ಗುರುವಾರ ಹೋಗೋಣ. ಇದೆ ಅಂದ್ರೆ ಆಪರೇಷನ್ನೂ ಬೇಡ, ಈ ಮಾತ್ರೇನೂ ಬೇಡ."

ಸಿದ್ದರಾಜುಗೆ ಗೆದ್ದಂತೆಯೇ ಆಯಿತು. ಸ್ಯಾಂಪಲ್ಲಿನ ಡಬ್ಬಿಯನ್ನು ತಾವೇ ಲ್ಯಾಬಿಗೆ ಒಯ್ದು ಕೊಟ್ಟರು. ಬುಧವಾರ ಸಂಜೆ ಲ್ಯಾಬಿನಲ್ಲಿ ವರದಿ ಕೈಗೆ ಸಿಕ್ಕಿತು. ಕೊಕ್ಕೆಹುಳುವಿನ ಮೊಟ್ಟೆಗಳು ಕಂಡುಬಂದಿವೆ.

"ಮೇಡಂ, ಡಬ್ಬಿ ಅದಲುಬದಲು ಆಗಿಲ್ಲ ತಾನೆ?"

"ಇಲ್ಲ ಅಂಕಲ್. ಭಯ ಬೇಡ, ಇದಕ್ಕೆ ಮಾತ್ರೆ ಬರುತ್ತೆ," ಎಂದು ಲ್ಯಾಬಿನ ಹುಡುಗಿ ಅವರಿಗೇ ತಿಳಿಹೇಳಿದಳು.

ರಿಜಿಸ್ಟರಿನಲ್ಲಿ ಒಂದೇ ಒಂದು ಸುಳ್ಳು ಗುರುತೂ ಹಾಕಿದವರಲ್ಲ ಸಿದ್ದರಾಜು. ವರದಿಯನ್ನು ಎಂಟು ಮಡಿಕೆ ಮಾಡಿ ಪರ್ಸಿನ ತಳಕ್ಕೆ ತುರುಕಿ ಮನೆಗೆ ಬಂದರು.

"ಏನಂತೆ?"

"ಒಂದೂ ಇಲ್ಲ."

ಲತಾಮಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಹತ್ತು ವರ್ಷದಿಂದ ನಿಮ್ಮ ಮಾತ್ರೆ ಬಚ್ಚಲಿಗೆ ಉಗೀತಿದೀನಿ ರೀ. ನೀವು ನಾಲಿಗೆ ಎತ್ತಿಸಿ ನೋಡ್ತೀರ, ಕೆನ್ನೆ ನೋಡಲ್ಲ. ಏನಾಯ್ತು ಹೇಳಿ ನಂಗೆ? ಸುಮ್ನೆ ಮಕ್ಕಳನ್ನೆಲ್ಲ ಗೋಳು ಹುಯ್ಕೊಂಡ್ರಿ."

ಸಿದ್ದರಾಜು ಪರ್ಸಿದ್ದ ಜೇಬಿನ ಮೇಲೆ ಕೈ ಇಟ್ಟುಕೊಂಡು, "ಹೌದು ಬಿಡು," ಎಂದರು.

"ನಾಳೆಗೆ ಆಟೋ ಹೇಳಿ. ಕಾಲುಗುರಿನ ಬಣ್ಣ ತೆಗೆದು ಬನ್ನಿ ಅಂದಿದಾರೆ ಆಸ್ಪತ್ರೇಲಿ. ನಂಗೆ ಬಗ್ಗಕ್ಕಾಗಲ್ಲ."

ಸಿದ್ದರಾಜು ನೆಲದ ಮೇಲೆ ಕೂತು ಹೆಂಡತಿಯ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಬಣ್ಣ ತೆಗೆಯುವ ದ್ರವದಲ್ಲಿ ಹತ್ತಿ ಅದ್ದಿ ಕಿರುಬೆರಳಿನಿಂದ ಶುರುಮಾಡಿದರು. ಕಚಗುಳಿಯಾಗಿ ಲತಾಮಣಿ ಕಾಲು ಎಳೆದುಕೊಂಡಾಗ, ಹಿಮ್ಮಡಿಗೆ ಕೈ ಕೊಟ್ಟು ಮೆಲ್ಲಗೆ ಮತ್ತೆ ತಮ್ಮತ್ತ ತಂದುಕೊಂಡರು.