ಸಣ್ಣೀರಕ್ಕನ ಹೆಸರಿನ ಡ್ರಮ್ಮು

ನಾನು ಒಂದು ನೀಲಿ ಡ್ರಮ್ಮು. ಬಾಯಿ ಅಗಲ, ಹೊಟ್ಟೆ ಅದಕ್ಕಿಂತ ಅಗಲ. ನಯವಾಗಿ ಮಾತಾಡೋದನ್ನು ನನಗೆ ಯಾರೂ ಕಲಿಸಿಲ್ಲ, ಕಲಿಯೋ ಆಸೆಯೂ ಇಲ್ಲ. ಕೇಳೋ ಹಾಗಿದ್ದರೆ ಕೇಳಿ.

ಹುಟ್ಟಿದ್ದು ಕಾರ್ಖಾನೆಯಲ್ಲಿ. ಕಾದ ಪ್ಲಾಸ್ಟಿಕ್ಕನ್ನು ಅಚ್ಚಿನೊಳಗೆ ಇಳಿಬಿಟ್ಟು ಗಾಳಿ ಊದಿದರು. ಉಬ್ಬಿದೆ, ತಣ್ಣಗಾದೆ, ಆಚೆ ಬಿದ್ದೆ. ಅಷ್ಟೇ ನನ್ನ ಬಾಲ್ಯ. ಮೊದಲ ಕೆಲಸ ಜ್ಯೂಸ್ ಕಂಪನಿಗೆ ಮಾವಿನ ತಿರುಳು ಹೊರೋದು. ಸಿಹಿ ಕೆಲಸ, ಬೇಜಾರೇನಿರಲಿಲ್ಲ. ಹಣ್ಣಿನ ಕಾಲ ಮುಗೀತು, ಗುಜರಿಗೆ ಎಸೆದರು.

ಗುಜರಿಯಿಂದ ಎತ್ತಿಕೊಂಡು ಹೋದವನು ವಾಮದೇವ. ಎಲ್ಲರೂ ಅವನನ್ನು ಸರ್ ಅನ್ನೋರು, ನಾನು ಅನ್ನಲ್ಲ. ಅಂಗಡಿ ಗೊಬ್ಬರ ಬಿಟ್ಟು ಸಗಣಿ ಗಂಜಲದಲ್ಲಿ ಬೇಸಾಯ ಮಾಡೋ ಹೆಂಗಸರ ಸಂಘಗಳಿಗೆ ಡ್ರಮ್ಮು, ಹಸು ಕೊಳ್ಳೋಕೆ ಸಹಾಯಧನ ಕೊಡೋ ಯೋಜನೆಯೊಂದು ಬಂದಿತ್ತು. ಅದಕ್ಕೆ ಅರ್ಜಿ ಹಾಕಿಸಿಕೊಡೋದು ವಾಮದೇವನ ಕಸುಬು. ಅರ್ಜಿಯ ಜೊತೆ ಫೋಟೋ ಬೇಕು. ಹೊಲದಲ್ಲಿ ಸಗಣಿ ಗಂಜಲ ಕೊಳೆಸೋ ಜೀವಾಮೃತದ ಡ್ರಮ್ಮು, ಡ್ರಮ್ಮಿನ ಮೇಲೆ ಫಲಾನುಭವಿಯ ಹೆಸರು, ಪಕ್ಕದಲ್ಲಿ ಫಲಾನುಭವಿ.

ಆ ಡ್ರಮ್ಮು ನಾನೇ. ಎಲ್ಲಾ ಊರಿಗೂ ನಾನೇ.

ಟೆಂಪೋದಿಂದ ಇಳಿಸಿ, ಬಿಳಿ ಪೇಂಟಿನಲ್ಲಿ ‘ಪಾಲಮ್ಮ’ ಅಂತ ಬರೆದು, ಫೋಟೋ ಹೊಡೆದು, ಮತ್ತೆ ಹತ್ತಿಸೋನು. ಮುಂದಿನ ಊರಲ್ಲಿ ಪಾಲಮ್ಮನ ಮೇಲೆ ಅಗ್ಗದ ನೀಲಿ ಬಣ್ಣ ಬಳಿದು ಪಕ್ಕದಲ್ಲಿ ‘ಕರಿಯಕ್ಕ’ ಅಂತ ಬರೆಯೋನು. ನನ್ನೊಳಗೆ ಒಂದು ತೊಟ್ಟೂ ಇಲ್ಲ. ಆ ಹೆಂಗಸರು ನನ್ನ ಮೇಲೆ ಕೈಯಿಟ್ಟು ನಿಲ್ಲೋರು, ನಮ್ಮದೇ ಅಂದುಕೊಂಡು. ಟೆಂಪೋ ಹೊರಟಾಗ ಅವರ ಮುಖ ನೋಡಬೇಕಿತ್ತು ನೀವು. ಸಹಾಯಧನ ಎಲ್ಲಿಗೆ ಹೋಗ್ತಿತ್ತೋ, ಹೊಲಕ್ಕಂತೂ ಹೋಗ್ತಿರಲಿಲ್ಲ. ನನಗೆ ಮೈಯೆಲ್ಲ ಉರಿ. ಖಾಲಿ ಡ್ರಮ್ಮು ಏನು ಮಾಡುತ್ತೆ? ಒದ್ದರೆ ಸದ್ದು ಮಾಡುತ್ತೆ, ಅಷ್ಟೇ.

ಹಾಗೇ ಒಂದು ಬೆಳಿಗ್ಗೆ ಹುಣಸೆಕುಂಟೆಗೆ ಬಂದೆ. ಅಲ್ಲಿ ಸಣ್ಣೀರಕ್ಕನ ಸಂಘ. ಯಾರಿಗೂ ಸ್ವಂತ ನೆಲವಿಲ್ಲ. ಕೆರೆ ಹಿಂದಿನ ಹೊಲವನ್ನು, ಬೆಳೆಯಲ್ಲಿ ಪಾಲು ಕೊಡೋ ಕರಾರಿನ ಮೇಲೆ, ವಾರಕ್ಕೆ ಹಿಡಿದು ರಾಗಿ ಸಾಲಿನ ನಡುವೆ ತೊಗರಿ, ಅವರೆ, ಹುಚ್ಚೆಳ್ಳು ಹಾಕೋರು. ಊರವರ ಕೊಟ್ಟಿಗೆಗಳಲ್ಲಿ ಗಂಜಲ ಬೇಡಿ ತಂದು ಬಿಂದಿಗೆಗಳಲ್ಲಿ ಕಲಸೋರು. ಅರ್ಧ ಹೊಲಕ್ಕೂ ಸಾಲ್ತಿರಲಿಲ್ಲ. ಒಂದು ಡ್ರಮ್ಮು, ಒಂದು ಹಸು. ಅವರಿಗೆ ಬೇಕಿದ್ದದ್ದು ಇಷ್ಟೇ.

ಹೆಸರು ಬರೆದದ್ದಾಯ್ತು, ಫೋಟೋ ಆಯ್ತು. ಅಷ್ಟರಲ್ಲಿ ಟೆಂಪೋ ಪಂಕ್ಚರ್. “ಸಾಯಂಕಾಲ ಬಂದು ಒಯ್ತೀನಿ, ನೆರಳಲ್ಲಿ ಇಟ್ಟಿರಿ” ಅಂತ ಹೇಳಿ ವಾಮದೇವ ಹೋದ.

ಸಣ್ಣೀರಕ್ಕ ಒಣಗದ ಅಕ್ಷರದ ಹತ್ತಿರ ಬಗ್ಗಿದಳು. ಸಂಘದಲ್ಲಿ ಓದು ಬರೋದು ಲಕ್ಕವ್ವನಿಗೆ ಮಾತ್ರ.

“ಏನಂತ ಬರ್ದವ್ನೆ?”

“ನಿನ್ ಹೆಸ್ರೇ ಕಣಕ್ಕ.”

“ಹಂಗಾದ್ರೆ ತುಂಬ್ಸ್ರಮ್ಮಿ.”

ನೀರು, ಸಗಣಿ, ಗಂಜಲ, ಬೆಲ್ಲ, ಹುರುಳಿ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಬಾಯಿ ತನಕ ತುಂಬಿದರು. ಸಾಯಂಕಾಲ ವಾಮದೇವ ಬಂದು ಮೂಗು ಮುಚ್ಚಿಕೊಂಡ.

“ಏನಮ್ಮ ಇದು?”

“ಜೀವಾಮೃತ. ನೀವೇ ಅರ್ಜೀಲಿ ಬರ್ಸಿದ್ರಲ್ಲ.”

“ಚೆಲ್ಲಿ, ಚೆಲ್ಲಿ. ನಾಳೆ ಬೇರೆ ಊರಲ್ಲಿ ಬೇಕು ಇದು.”

“ನಮ್ಮನೆ ಚೊಂಬಿನ ಮೇಲೆ ನಮ್ಮವ್ವನ ಹೆಸ್ರು ಕೊರ್ಸವ್ರೆ, ಮದ್ವೇಲಿ ಕೊಟ್ಟಿದ್ದು. ಆ ಚೊಂಬು ಯಾರ್ದು ಸ್ವಾಮಿ?”

“ನಿಮ್ಮವ್ವಂದು. ಈಗ್ಯಾಕೆ ಆ ಮಾತು?”

“ಇದ್ರ ಮೇಲೆ ಯಾರ ಹೆಸ್ರೈತೆ?”

ಟೆಂಪೋ ಡ್ರೈವರು ಮುಖ ಆ ಕಡೆ ತಿರುಗಿಸಿ ನಕ್ಕ. ವಾಮದೇವ ನನ್ನನ್ನು ಎರಡೂ ಕೈಯಲ್ಲಿ ನೂಕಿದ. ನಾನು ಅಲ್ಲಾಡಲಿಲ್ಲ. ಹುಟ್ಟಿದಾಗಿನಿಂದ ಎತ್ತಿದವರ ಹಿಂದೆ ಹೋದವನು, ಅವತ್ತು ಮೊದಲ ಸಲ ಇಲ್ಲ ಅಂದೆ. ಮತ್ತೆ ನೂಕಿದಾಗ ಒಂದಿಷ್ಟು ಅವನ ಪ್ಯಾಂಟಿನ ಮೇಲೆ ಚೆಲ್ಲಿದೆ. ಬೇಕಂತಲೇ.

“ನಿನ್ ಹಸು ಹೆಂಗ್ ಬರುತ್ತೆ ನೋಡ್ತೀನಿ” ಅಂದು ಹೋದ.

ದಿನಾ ಕೋಲಿನಲ್ಲಿ ತಿರುವಿದರು. ನೊರೆ ಉಕ್ಕಿ ಮೈಮೇಲೆ ಇಳೀತು. ಅಗ್ಗದ ನೀಲಿ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದಿತು, ಅಡಿಯಲ್ಲಿದ್ದ ಬಿಳಿ ಅಕ್ಷರಗಳು ಆಚೆ ಬಂದವು. ಲಕ್ಕವ್ವ ಓದಿದಳು. ಮಾರಕ್ಕ. ಕರಿಯಕ್ಕ. ಪಾಲಮ್ಮ.

ಸಣ್ಣೀರಕ್ಕ ಕೋಲನ್ನು ನನಗೆ ಒರಗಿಸಿದಳು. “ಹಂಗಾದ್ರೆ ಇದು ಅವ್ರದ್ದೂ ಹೌದು” ಅಂದಳು. ಬಸ್ಸಿನವರ ಕೈಯಲ್ಲಿ ಊರೂರಿಗೆ ಹೇಳಿ ಕಳಿಸಿದಳು. ನಿಮ್ಮ ಡ್ರಮ್ಮು ನಮ್ಮ ಹೊಲದಲ್ಲೈತೆ, ಬಂದು ನಿಮ್ಮ ಪಾಲು ತಗೊಂಡೋಗಿ.

ಬಂದರು. ಕ್ಯಾನು, ಕೊಡ, ಮುಚ್ಚಳವಿಲ್ಲದ ಬಕೆಟ್ಟು ಹಿಡಿದು ಬಂದರು. ಮೊಸರಿಗೆ ಹೆಪ್ಪು ಒಯ್ಯೋ ಹಾಗೆ ನನ್ನಿಂದ ಒಯ್ದರು.

ತಪಾಸಣೆಗೆ ಅಧಿಕಾರಿ ಬರೋ ಹಿಂದಿನ ದಿನ ವಾಮದೇವ ಬಣ್ಣದ ಡಬ್ಬಿ ಸಮೇತ ಬಂದ. ಮಾತು ಈಗ ಬೆಣ್ಣೆ. “ಮೇಲೆ ಒಂದು ಕೋಟಿಂಗ್ ಹೊಡ್ಸಿ, ನಿನ್ನ ಹೆಸ್ರೊಂದೇ ಇರ್ಲಿ ಅಕ್ಕ. ಹಸು ನಿನ್ ಬಾಗಿಲಿಗೇ ಬರುತ್ತೆ.”

ಸಣ್ಣೀರಕ್ಕ ಹೊಲದಂಚಿನ ಕೊಟ್ಟಿಗೆ ಕಡೆ ನೋಡಿದಳು. ಕೊಟ್ಟಿಗೆ ಖಾಲಿ, ಬರೋ ಹಸುವಿಗೆ ಅಂತ ಗೂಟ ಮಾತ್ರ ನೆಟ್ಟಿದ್ದರು. ಅವಳು ಡಬ್ಬಿ ತೆಗೆದುಕೊಂಡಳು, ಆ ಗೂಟಕ್ಕೆ ನೇತುಹಾಕಿದಳು, ಗಂಜಲ ತರೋಕೆ ಹೋದಳು.

ಮಾರನೇ ದಿನ ಅಧಿಕಾರಿ ನನ್ನ ಸುತ್ತ ಒಂದು ಸುತ್ತು ಬಂದ. “ಏನಮ್ಮ, ಒಂದು ಡ್ರಮ್ಮಿಗೆ ಇಷ್ಟು ಹೆಸರು?”

“ನಿಮ್ ಕಡತದಾಗೆ ಹೆಸ್ರಿಗೊಂದು ಡ್ರಮ್ಮು ಇರ್ಬೇಕು ನೋಡಿ ಸ್ವಾಮಿ. ಹೊಲದಾಗೆ ಇರೋದು ಇದೊಂದೇ.”

ಎಲ್ಲಾ ಅರ್ಜಿಗಳೂ ನಿಂತವು. ಅವಳದ್ದೂ ನಿಂತಿತು. ವಾಮದೇವ ಈ ಕಡೆ ಬರೋದು ಬಿಟ್ಟ, ಹಸುವೂ ಬರಲಿಲ್ಲ. ಆಮೇಲೆ ಎಲ್ಲಾ ಊರಿನವರೂ ಸೇರಿ ಒಂದೇ ಅರ್ಜಿ ಬರೆದರು, ಲಕ್ಕವ್ವನ ಅಕ್ಷರದಲ್ಲಿ. ಫೋಟೋದಲ್ಲಿ ನನ್ನ ಮೇಲೆ ಅಷ್ಟೂ ಜನರ ಕೈ. ‘ಶುಚಿಯಾದ ಡ್ರಮ್ಮಿನ ಫೋಟೋ ಲಗತ್ತಿಸಿ’ ಅಂತ ವಾಪಸ್ ಬಂತು. ಅದೇ ಫೋಟೋ ಕಳಿಸಿದರು. ಮತ್ತೆ ವಾಪಸ್. ಮತ್ತೆ ಅದೇ ಫೋಟೋ.

ಕೇಳಿದ್ದು ಊರಿಗೊಂದು ಹಸು, ಕೊನೆಗೆ ಬಂದದ್ದು ಎಲ್ಲರಿಗೂ ಸೇರಿ ಒಂದು. ಅದೂ ಈಗ ನನ್ನ ಹಾಗೇ ಊರೂರು ತಿರುಗುತ್ತೆ. ಆದರೆ ಹೊಟ್ಟೆ ತುಂಬಿಸಿಕೊಂಡು ತಿರುಗುತ್ತೆ. ಉಳಿದವುಗಳಿಗೆ ಇನ್ನೂ ಬರೀತಾನೇ ಇದ್ದಾರೆ.

ನನಗೆ ವಯಸ್ಸಾಯ್ತು. ತಳ ಸೀಳಿ ನೀರು ನಿಲ್ಲಲ್ಲ. ಹೊಂಗೆ ಮರದ ಕೆಳಗೆ ಕೂತು, ಹೊಟ್ಟೆಯೊಳಗಿನ ಬಿತ್ತನೆ ಅವರೆಕಾಳು ಕಾಯ್ತೀನಿ. ಮೊನ್ನೆ ಗುಜರಿಯವನು ಬಂದು ಬೆರಳಲ್ಲಿ ಕುಟ್ಟಿ ನೋಡಿ ಸಣ್ಣೀರಕ್ಕನ ಕಡೆ ತಿರುಗಿದ.

“ಅಕ್ಕ, ಇದು ಕೊಡ್ತೀರಾ?”

“ಮೇಲೆ ಬರ್ದಿರೋರ್ನೆಲ್ಲ ಕೇಳ್ಕೊಂಡ್ ಬಾ. ಎಲ್ರೂ ಹೂಂ ಅಂದ್ರೆ ತಗೊಂಡೋಗು.”

ಅವನು ಬಗ್ಗಿ ಓದೋಕೆ ಶುರು ಮಾಡಿದ. ಪಾಲಮ್ಮ, ಕರಿಯಕ್ಕ, ಮಾರಕ್ಕ... ಪೂರ್ತಿ ಓದಲಿಲ್ಲ. ಸೈಕಲ್ ಹತ್ತಿ ಹೊರಟ.

ಹೋಗಲಿ. ನಾನಂತೂ ಎಲ್ಲಿಗೂ ಹೋಗಲ್ಲ.